ನಗಾರಿ ಬಾರಿಸದ ಬೆಕ್ಕು: ಒಂದೇ ಗಾಬ್ಲಿನ್ ಬಿಡಾರ, ಎರಡು ಆಟ

ನಮ್ಮ ವಿಜಾರ್ಡ್, ಅಂದರೆ ಆಟದಲ್ಲಿ ಮಂತ್ರವಾದಿಯಾಗಿದ್ದ ಗೆಳತಿ, ಮೌಸ್ ಹಿಡಿದು ಕೂತಿದ್ದಳು. ಮಂತ್ರಗಳ ಸಾಲಿನಲ್ಲಿ ಭ್ರಮೆ ಹುಟ್ಟಿಸುವ ಮೈನರ್ ಇಲ್ಯೂಷನ್ ಹುಡುಕಿ ಒತ್ತಿದಳು. ಪರದೆಯ ಮೇಲೆ ಒಂದು ಬೆಕ್ಕು ಪ್ರತ್ಯಕ್ಷವಾಯಿತು.

"ಬೆಕ್ಕಾ?" ಅಂದಳು.

"ಹೌದು, ಬೆಕ್ಕು."

"ಸರಿ, ಇದನ್ನ ನಗಾರಿ ಮಾಡೋದು ಹೇಗೆ?"

ಆಗಲ್ಲ ಅಂದೆ. ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಮೂರು ತಿಂಗಳ ಹಿಂದೆ ಇದೇ ಮಂತ್ರದಿಂದ, ಇದೇ ಬಿಡಾರದಲ್ಲಿ ಅವಳು ಅರ್ಧ ಸೈನ್ಯವನ್ನು ದಿಕ್ಕು ತಪ್ಪಿಸಿದ್ದಳು. ಆಗ ನಾವು ಮೇಜಿನ ಸುತ್ತ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು. ಈಗ ಅದೇ ಜನ ಕೂತು ಬಾಲ್ಡರ್ಸ್ ಗೇಟ್ 3 ಆಡುತ್ತಿದ್ದೆವು.

ವಿಡಿಯೊ ಗೇಮ್ ಟೇಬಲ್‌ಟಾಪ್ ಆಟವನ್ನು ಎಷ್ಟರಮಟ್ಟಿಗೆ ಹಾಗೇ ತರುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಬೆಕ್ಕು. ಅದಕ್ಕೇ ಈ ಒಂದು ಬಿಡಾರದ ಕತೆಯನ್ನೇ ಪೂರ್ತಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಈಗ ಹೆಚ್ಚು ಜನ ಆಡುವುದು 2014ರಲ್ಲಿ ಬಂದ ಐದನೇ ಆವೃತ್ತಿ ಅಥವಾ ಅದನ್ನೇ ತಿದ್ದಿದ 2024ರ ಪುಸ್ತಕ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಅವರು ಲೋಕವನ್ನು ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ. ಏನು ಮಾಡುತ್ತೀರಿ ಅಂತ ಬಾಯಲ್ಲಿ ಹೇಳುತ್ತೀರಿ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತೀರಿ. ಬಿದ್ದ ಸಂಖ್ಯೆಗೆ ನಿಮ್ಮ ಬೋನಸ್ ಕೂಡಿಸಿದರೆ ಡಿಎಂ ಮನಸ್ಸಿನಲ್ಲಿರುವ ಗುರಿಸಂಖ್ಯೆ ಮುಟ್ಟಬೇಕು.

ಬಾಲ್ಡರ್ಸ್ ಗೇಟ್ 3 ಮಾಡಿದ್ದು ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್. 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆ್ಯಕ್ಸೆಸ್‌ಗೆ, ಅಂದರೆ ಪೂರ್ತಿ ಮುಗಿಯುವ ಮೊದಲೇ ಆಡಲು, ಬಂತು, 2023ರ ಆಗಸ್ಟ್ 3ರಂದು ಪೂರ್ತಿಯಾಗಿ ಬಿಡುಗಡೆಯಾಯಿತು. ಐದನೇ ಆವೃತ್ತಿಯ ನಿಯಮದ ಮೇಲೆ ಕಟ್ಟಿದ ಆಟ. ನಾಲ್ಕು ಜನರವರೆಗೆ ಒಟ್ಟಿಗೆ ಆಡಬಹುದು.

ನಾನು ಈ ಆಟವನ್ನು ಮೊದಲೇ ಒಬ್ಬನೇ ಆಡಿ ಮುಗಿಸಿದ್ದೆ. ನನ್ನ ಮೂವರು ಸ್ನೇಹಿತರು ಅದನ್ನು ನೋಡಿರಲೇ ಇಲ್ಲ. ಅವರಿಗೆ ನಾನು ಡಿಎಂ. ಒಂದು ವಾರ ಏನೂ ತಯಾರಿ ಮಾಡಿಕೊಳ್ಳಲು ಆಗಿರಲಿಲ್ಲ. ಗೇಮಿನಲ್ಲಿದ್ದ ಗಾಬ್ಲಿನ್ ಅನ್ನುವ ಕುಳ್ಳ ಕೇಡಿಗಳ ಬಿಡಾರವನ್ನು ಸುಮ್ನೆ ಚೌಕುಳಿ ಹಾಳೆಯ ಮೇಲೆ ಗೀಚಿಕೊಂಡು ಹೋದೆ. ಕಳ್ಳತನವೇ, ಒಪ್ಪುತ್ತೇನೆ. ಡಿಎಂಗಳು ಹೀಗೆ ಕದಿಯುವುದು ಹೊಸದೇನಲ್ಲ. ಪಾಳುಬಿದ್ದ ದೇವಾಲಯ, ಅಂಗಳದಲ್ಲಿ ಕುಡಿದು ಕುಣಿಯುವ ಗಾಬ್ಲಿನ್‌ಗಳು, ಒಳಗೆ ಪಂಜರದಲ್ಲಿ ಒಂದು ಕರಡಿ, ಪ್ರಪಾತದ ಪಕ್ಕದ ಕೋಣೆಯಲ್ಲಿ ಒಬ್ಬಳು ದಳಪತಿ, ಅಪಾಯ ಬಂದರೆ ಬಾರಿಸಲು ನಗಾರಿ. ಗೇಮಿನ ಕತೆಯಲ್ಲಿ ಎಲ್ಲರ ತಲೆಯಲ್ಲೂ ಒಂದು ಹುಳ ಇರುತ್ತದೆ, ಅದನ್ನು ಮಾತ್ರ ಬಿಟ್ಟೆ.

ಮೂವರೂ ನಾಲ್ಕನೇ ಲೆವೆಲ್. ಒಬ್ಬ ಫೈಟರ್. ಒಬ್ಬಳು ವಿಜಾರ್ಡ್. ಇನ್ನೊಬ್ಬಳು ರೋಗ್. ಈ ಪದವನ್ನು ಕನ್ನಡದಲ್ಲಿ ಬರೆದರೆ ಯಾವುದೋ ಕಾಯಿಲೆ ಥರ ಕಾಣುತ್ತದೆ, ಹಾಗಾಗಿ ಇನ್ನು ಮುಂದೆ ಕಳ್ಳಿ ಅಂತಲೇ ಬರೆಯುತ್ತೇನೆ. ಮೇಜಿನ ಮೇಲೆ ಬಿಡಾರ ಮುಗಿಯಲು ಮೂರು ಸಂಜೆ ಬೇಕಾಯಿತು. ಮೂರು ತಿಂಗಳಾದ ಮೇಲೆ ಅದೇ ಪಾತ್ರಗಳನ್ನು ಗೇಮಿನಲ್ಲಿ ಮತ್ತೆ ಕಟ್ಟಿಕೊಂಡು ಅದೇ ಬಿಡಾರಕ್ಕೆ ಹೋದೆವು. ಅಲ್ಲಿ ನನಗೆ ಡಿಎಂ ಕುರ್ಚಿ ಇಲ್ಲ. ಕ್ಲೆರಿಕ್ ಆಗಿ, ಅಂದರೆ ಹರಸುವ, ಗಾಯ ವಾಸಿಮಾಡುವ ಪೂಜಾರಿಯಾಗಿ, ಅವರ ಹಿಂದೆ ಬಾಲದ ಹಾಗೆ ಹೋದೆ.

ಹೋಲಿಕೆ ಪಕ್ಕಾ ಅಲ್ಲ. ಎರಡನೇ ಸಲ ಅವರಿಗೆ ಜಾಗ ಗೊತ್ತಿತ್ತು. ಆದರೂ ಒಂದೇ ಜನ, ಒಂದೇ ಪಾತ್ರ, ಹೆಚ್ಚುಕಡಿಮೆ ಒಂದೇ ನಕ್ಷೆ. ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಬೇರೆ ಸಿಕ್ಕಿಲ್ಲ.

ಬಾಗಿಲು

ಮೇಜಿನಲ್ಲಿ ಬಾಗಿಲಿನ ಕಾವಲುಗಾರನಿಗೆ ಕಳ್ಳಿ ಹೇಳಿದ್ದು: "ನಾವು ಸಾರಾಯಿ ತಂದಿದ್ದೀವಿ, ಪೀಪಾಯಿ ಹಿಂದೆ ಗಾಡೀಲಿದೆ." ಗಾಡಿ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಗುರಿಸಂಖ್ಯೆ 15. ದಾಳ 4 ತೋರಿಸಿತು, ಅವಳ ಬೋನಸ್ 4, ಒಟ್ಟು 8. ಕಾವಲುಗಾರ ನಕ್ಕ. ಐದು ನಿಮಿಷದಲ್ಲಿ ಅವಳು ಕರಡಿಯ ಪಕ್ಕದ ಪಂಜರದಲ್ಲಿದ್ದಳು. ಗಾಬ್ಲಿನ್ ಮಕ್ಕಳು ಕರಡಿಗೂ ಇವಳಿಗೂ ಸಮನಾಗಿ ಕಲ್ಲು ಹೊಡೆಯುತ್ತಿದ್ದವು. ಕಲ್ಲು ಹೊಡೆಯುವ ಮಕ್ಕಳೂ ಗೇಮಿನಿಂದಲೇ ತಂದದ್ದು, ಅಷ್ಟು ಒಳ್ಳೆಯ ವಿವರವನ್ನು ಯಾರು ಬಿಡುತ್ತಾರೆ.

ಗೇಮಿನಲ್ಲಿ ಬಾಗಿಲಲ್ಲಿ ಒಬ್ಬ ಕಾವಲುಗಾರ ವಾರ್ಗ್ ಅನ್ನುವ ದೈತ್ಯ ತೋಳಗಳ ಲದ್ದಿಯನ್ನು ಮುಖಕ್ಕೆ ಬಳಿದುಕೋ ಅನ್ನುತ್ತಾನೆ. ಉತ್ತರಗಳ ಪಟ್ಟಿ ಬರುತ್ತದೆ. ಬಳಿದುಕೊಳ್ಳಬಹುದು, ಹೆದರಿಸಬಹುದು, ತಲೆಯಲ್ಲಿರುವ ಹುಳದ ಬಲ ಬಳಸಬಹುದು. ಪಟ್ಟಿ ಚೆನ್ನಾಗಿದೆ, ನಗು ಬರಿಸುತ್ತದೆ. ಕಳ್ಳಿ ಅದನ್ನು ಓದಿ "ಸಾರಾಯಿ ಗಾಡಿ ಎಲ್ಲಿ?" ಅಂದಳು. ಸಾರಾಯಿ ಗಾಡಿ ಇರಲಿಲ್ಲ. ಮೇಜಿನಲ್ಲೂ ಇರಲಿಲ್ಲ ಅನ್ನಿ, ಆದರೆ ಅಲ್ಲಿ ಇದೆ ಅಂತ ಹೇಳುವುದಕ್ಕೆ ಆಗಿತ್ತು.

ಅವಳು ಹೆದರಿಸಲು ನೋಡಿದಳು. ಇಲ್ಲಿ ಗೇಮ್ ಮಾಡುವ ಒಂದು ಕೆಲಸ ನನಗೆ ತುಂಬಾ ಇಷ್ಟ. ಪರದೆಯ ನಡುವೆ ದೊಡ್ಡ ದಾಳ ಬಂದು ನಿಲ್ಲುತ್ತದೆ. ಮೇಲೆ ಗುರಿಸಂಖ್ಯೆ. ನೀವೇ ಒತ್ತಬೇಕು. ದಾಳ ತಿರುಗಿ ನಿಂತ ಮೇಲೆ ಬೋನಸ್‌ಗಳು ಒಂದೊಂದಾಗಿ ಬಂದು ಅದಕ್ಕೆ ಸೇರುತ್ತವೆ. ನಾನು ಹರಸಿದ ಗೈಡೆನ್ಸ್ ಮಂತ್ರದ ನಾಲ್ಕು ಮುಖದ ದಾಳವೂ ಪಕ್ಕದಲ್ಲಿ ಉರುಳುತ್ತದೆ. ಆ ಎರಡು ಸೆಕೆಂಡ್ ನಾಲ್ಕು ಜನವೂ ಉಸಿರು ಬಿಗಿ ಹಿಡಿದೆವು. ಮೇಜಿನ ಸುತ್ತ ದಾಳ ಅಂಚಿಗೆ ಹೋಗಿ ಓಲಾಡುವಾಗ ಹಿಡಿಯುವ ಹಾಗೆಯೇ.

ಸೋತಳು. ಅಂಗಳದಲ್ಲಿ ಜಗಳ ಶುರುವಾಗುವ ಲಕ್ಷಣ ಕಂಡಿತು. ಹೋಸ್ಟ್ ನಾನೇ ಆಗಿದ್ದೆ. ನನ್ನ ಬೆರಳು ಎಫ್8 ಮೇಲೆ, ಅಂದರೆ ಹಿಂದೆ ಸೇವ್ ಮಾಡಿದ ಜಾಗಕ್ಕೆ ಮರಳಿಸುವ ಗುಂಡಿಯ ಮೇಲೆ, ಹೋಯಿತು. ಯಾರೂ ಏನೂ ಹೇಳಲಿಲ್ಲ. ಲೋಡ್ ಆಯಿತು. ಎರಡನೇ ಸಲ ಗೆದ್ದಳು, ಬಾಗಿಲು ದಾಟಿದೆವು.

ಇದಕ್ಕೆ ಮತ್ತೆ ಬರುತ್ತೇನೆ.

ನಗಾರಿ ಮತ್ತು ಬೆಕ್ಕು

ಮೇಜಿನಲ್ಲಿ ಕಳ್ಳಿ ಪಂಜರದಲ್ಲಿದ್ದಳು, ಫೈಟರ್ ಮತ್ತು ವಿಜಾರ್ಡ್ ಹೊರಗೆ. ಪಂಜರದ ಹತ್ತಿರ ಆರು ಗಾಬ್ಲಿನ್. ಇಬ್ಬರೇ ಹೋಗಿ ಹೊಡೆದಾಡಿದರೆ ಸಾವು ಖಚಿತ. ವಿಜಾರ್ಡ್ ತನ್ನ ಹಾಳೆ ನೋಡುತ್ತಾ ಎರಡು ನಿಮಿಷ ಸುಮ್ಮನೆ ಕೂತಳು. ಆಮೇಲೆ ಕೇಳಿದಳು: "ಅಪಾಯ ಬಂದ್ರೆ ಇವರು ನಗಾರಿ ಬಾರಿಸ್ತಾರೆ, ಅಲ್ವಾ?"

ಹೌದು ಅಂದೆ.

"ನಾನು ಆಚೆ ಗೋಡೆ ಹತ್ರ ನಗಾರಿ ಸದ್ದು ಮಾಡ್ತೀನಿ. ಮೈನರ್ ಇಲ್ಯೂಷನ್."

ಪುಸ್ತಕ ತೆಗೆದೆವು. 30 ಅಡಿ ದೂರದೊಳಗೆ ಒಂದು ಸದ್ದು ಅಥವಾ ಒಂದು ವಸ್ತುವಿನ ಚಿತ್ರ ಮೂಡಿಸಬಹುದು. ಒಂದು ನಿಮಿಷ ಇರುತ್ತದೆ. ಸದ್ದು ಪಿಸುಮಾತಿನಿಂದ ಚೀರಾಟದವರೆಗೆ ಎಷ್ಟು ಜೋರಾದರೂ ಆಗಬಹುದು. ಉದಾಹರಣೆಗೆ ಕೊಟ್ಟವುಗಳಲ್ಲಿ ನಗಾರಿಯ ಬಡಿತವೂ ಇದೆ! ಮಂತ್ರಕ್ಕೆ ಬಾಯಿಮಾತು ಬೇಡ, ಕೈಸನ್ನೆ ಮತ್ತು ಒಂದು ಚೂರು ಉಣ್ಣೆ ಸಾಕು. ಅಂದರೆ ಕದ್ದು ಕೂತು ಹಾಕಬಹುದು. ಯಾರಾದರೂ ತಮ್ಮ ಸರದಿ ಖರ್ಚು ಮಾಡಿ ಪರೀಕ್ಷೆ ಮಾಡಿದರೆ ಮಾತ್ರ ಮೋಸ ತಿಳಿಯಬಹುದು, ಅದಕ್ಕೂ ಅವಳ ಮಂತ್ರದ ಸಂಖ್ಯೆ 14 ಮುಟ್ಟಬೇಕು.

ಇಷ್ಟು ಪುಸ್ತಕದ್ದು. ಪುಸ್ತಕ ಹೇಳದೆ ಬಿಟ್ಟದ್ದು ಬಹಳ. ಚೀರಾಟದಷ್ಟು ಜೋರಿನ ಸದ್ದು ಕಲ್ಲಿನ ಗೋಡೆ ದಾಟಿ ಎಷ್ಟು ದೂರ ಕೇಳುತ್ತದೆ? ಕುಡಿದ ಗಾಬ್ಲಿನ್ ನಗಾರಿ ಕೇಳಿದರೆ ನಿಂತು ಯೋಚಿಸುತ್ತದಾ, ಓಡುತ್ತದಾ? ಎಲ್ಲಕ್ಕಿಂತ ದೊಡ್ಡ ತೊಡಕು ನನಗೇ ಹೊಳೆದದ್ದು. ನಗಾರಿಯವನು ತನ್ನ ನಗಾರಿಯ ಪಕ್ಕದಲ್ಲೇ ನಿಂತಿದ್ದಾನೆ. ಕೋಲು ಅವನ ಕೈಯಲ್ಲೇ ಇದೆ. ಅವನಿಗೆ ಅನುಮಾನ ಬರಲೇಬೇಕಲ್ವಾ?

ಅವನಿಗೊಂದು ಅವಕಾಶ ಕೊಟ್ಟೆ. ಗಾಬ್ಲಿನ್‌ಗೆ ಬುದ್ಧಿಯ ಬೋನಸ್ ಸೊನ್ನೆ. ದಾಳ 6 ತೋರಿಸಿತು. ಆಗ ಅವನ ಮನಸ್ಸಿನಲ್ಲಿ ಏನು ಓಡಿರಬಹುದು ಅಂತ ಒಂದು ಕ್ಷಣ ಯೋಚಿಸಿ ಹೇಳಿದೆ: "ಅವನ ಮುಖ ಕೆಂಪಾಗುತ್ತೆ. ತನ್ನ ಕೆಲಸವನ್ನ ಇನ್ಯಾರಿಗೋ ಕೊಟ್ಟುಬಿಟ್ಟಿದ್ದಾರೆ ಅಂದ್ಕೋತಾನೆ. ಕೋಲು ಎತ್ಕೊಂಡು ಆ ಕಡೆಗೆ ಓಡ್ತಾನೆ." ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹೊಟ್ಟೆಕಿಚ್ಚಿನ ನಗಾರಿಯವನು ಯಾವ ನಕ್ಷೆಯಲ್ಲೂ ಇರಲಿಲ್ಲ. ಮುಂದೆ ಅವನು ನಮ್ಮ ಕತೆಯಲ್ಲಿ ನಾಲ್ಕು ಸಲ ಬಂದ.

ಗೇಮಿನ ಬೆಕ್ಕಿಗೆ ಬರೋಣ. ಅದು ಕೆಲಸ ಮಾಡಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೆಕ್ಕನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೆಕ್ಕು ಕಾಣಿಸಿಕೊಂಡಿತು, ಕಾವಲುಗಾರ ಏನೋ ಗೊಣಗಿಕೊಂಡು ನೋಡಲು ಬಂದ, ಅವನ ಬೆನ್ನ ಹಿಂದೆ ನಾವು ನುಸುಳಿದೆವು. ಎಷ್ಟು ಬಾರಿ ಮಾಡಿದರೂ ಇದೇ ನಡೆಯುತ್ತದೆ. ಗೇಮ್ ಮಾಡಿದವರು ಈ ಮಂತ್ರದ ಸಾವಿರ ಉಪಯೋಗಗಳಲ್ಲಿ ಒಂದನ್ನು, ಬಹುಶಃ ಅತಿ ಹೆಚ್ಚು ಬಳಸುವುದನ್ನು, ಆರಿಸಿಕೊಂಡಿದ್ದಾರೆ: ಗಮನ ಬೇರೆಡೆ ಸೆಳೆಯುವುದು. ಅದನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಕೈಬಿಟ್ಟಿದ್ದಾರೆ. ಬೇರೆ ದಾರಿ ಏನಿತ್ತು? ಆಟಗಾರ ಹೇಳಬಹುದಾದ ಪ್ರತಿ ಸುಳ್ಳಿಗೂ ಧ್ವನಿ ಬೇಕು, ಚಲನೆ ಬೇಕು, ಎದುರಿನವನ ಉತ್ತರ ಬೇಕು.

ಥಾಮಟರ್ಜಿ ಅನ್ನುವ ಮಂತ್ರದ್ದೂ ಇದೇ ಕತೆ. ಪುಸ್ತಕದಲ್ಲಿ ದನಿ ಗುಡುಗಿಸಬಹುದು, ದೀಪ ಮಿನುಗಿಸಬಹುದು, ನೆಲ ನಡುಗಿಸಬಹುದು, ಮುಚ್ಚಿದ ಕಿಟಕಿ ಧಡಾರನೆ ತೆರೆಯಬಹುದು. ಗೇಮಿನಲ್ಲಿ ಅದು ಹೆದರಿಸುವಾಗ ಮತ್ತು ಕಲೆ ತೋರಿಸುವಾಗ ಎರಡು ದಾಳ ಉರುಳಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವ ಅವಕಾಶ, ಅಷ್ಟೇ. ಗೇಮಿನಲ್ಲಿ ಲೆವೆಲ್ 12ಕ್ಕೆ ನಿಲ್ಲುವುದಕ್ಕೂ ಬೇರು ಇಲ್ಲೇ ಇದೆ. ಪುಸ್ತಕ 20ರವರೆಗೆ ಹೋಗುತ್ತದೆ. ಏಳನೇ ಹಂತದ ಮಂತ್ರಗಳು 13ರಲ್ಲಿ ಸಿಗುತ್ತವೆ, ಅಲ್ಲಿಂದ ಒಂದೊಂದು ಮಂತ್ರವೂ ಲೋಕವನ್ನೇ ತಲೆಕೆಳಗು ಮಾಡುತ್ತದೆ. ಒಂಬತ್ತನೇ ಹಂತದ ವಿಶ್ ಅಂತೂ "ಏನು ಬೇಕೋ ಕೇಳು" ಅನ್ನುವ ಮಂತ್ರ. ಕೇಳಿಸಿಕೊಳ್ಳಲು ಎದುರಿಗೆ ಯಾರಾದರೂ ಇರಬೇಕಲ್ಲ.

ಇದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಹೀಗೆ. ಗೇಮಿಗೆ ತಡವರಿಕೆ ಬರುವುದು ವಸ್ತುಗಳ ಹತ್ತಿರ ಅಲ್ಲ, ಇನ್ನೊಬ್ಬರು ನಂಬಬೇಕಾದ ಸುಳ್ಳಿನ ಹತ್ತಿರ. ವಸ್ತುಗಳ ವಿಷಯದಲ್ಲಿ ಗೇಮೇ ನನಗಿಂತ ಎಷ್ಟೋ ಮೇಲು. ನಮ್ಮ ಫೈಟರ್ ಗೇಮಿನಲ್ಲಿ ಅಲ್ಲಲ್ಲಿ ಬಿದ್ದಿದ್ದ ಮರದ ಪೆಟ್ಟಿಗೆಗಳನ್ನು ಹೊತ್ತು ತಂದು ಒಂದರ ಮೇಲೊಂದು ಜೋಡಿಸಿ ಗೋಡೆ ಹತ್ತಿದ. ಹತ್ತು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಗೇಮ್ ಅನ್ನಲಿಲ್ಲ. ಅಂಗಳದಲ್ಲಿ ಸಾರಾಯಿ ತುಂಬಿದ ತೊಟ್ಟಿ ಇದೆ. ಕಳ್ಳಿ ಅದಕ್ಕೆ ವಿಷ ಬೆರೆಸಿದಳು. ಕುಡಿದವರು ಬಿದ್ದರು. ನೆಲದಲ್ಲಿ ನೀರಿದ್ದರೆ ಸಿಡಿಲಿನ ಮಂತ್ರ ಜಾಸ್ತಿ ಕೊಲ್ಲುತ್ತದೆ, ಎಣ್ಣೆ ಇದ್ದರೆ ಬೆಂಕಿ ಹರಡುತ್ತದೆ. ನನ್ನ ಮೇಜಿನಲ್ಲಿ ಎಣ್ಣೆ ಪೀಪಾಯಿ ಎಲ್ಲಿಟ್ಟಿದ್ದೆ ಅಂತ ಹತ್ತು ನಿಮಿಷದಲ್ಲಿ ನಾನೇ ಮರೆತಿರುತ್ತೇನೆ. ಗೇಮ್ ಮರೆಯುವುದಿಲ್ಲ.

ಪ್ರಪಾತ

ಒಳಗಿನ ದಳಪತಿಯ ಕೋಣೆಯಲ್ಲಿ ಪ್ರಪಾತ ಇದೆ. ಇಬ್ಬರು ಡಿಸೈನರ್‌ಗಳು ಕೂತು "ಇಲ್ಲಿಂದ ಯಾರನ್ನಾದರೂ ನೂಕದೆ ಬಿಡ್ತಾರಾ" ಅಂತ ನಗುತ್ತಾ ಮಾಡಿದ ಹಾಗಿದೆ.

ಮೇಜಿನ ಪುಸ್ತಕದಲ್ಲಿ ನೂಕುವುದು ಒಂದು ಹೊಡೆತದ ಬದಲಿಗೆ ಮಾಡುವ ಕೆಲಸ. ನಾಲ್ಕನೇ ಲೆವೆಲ್ ಫೈಟರ್‌ಗೆ ಇರುವುದು ಒಂದೇ ಹೊಡೆತ. ನೂಕಿದರೆ ಕತ್ತಿ ಬೀಸುವ ಹಾಗಿಲ್ಲ. ಗೆದ್ದರೂ ಎದುರಾಳಿ ಸರಿಯುವುದು ಬರೀ 5 ಅಡಿ. ಅಂದರೆ ಅವಳು ಅಂಚಿನಲ್ಲೇ ನಿಂತಿರಬೇಕು. ಫೈಟರ್ ಮೂರು ಸುತ್ತು ಅವಳನ್ನು ಅಂಚಿಗೆ ತರಲು ಒದ್ದಾಡಿದ. ಕಳ್ಳಿ ಇನ್ನೊಂದು ಬದಿಯಿಂದ ಕೆಣಕಿದಳು. ಕೊನೆಗೆ ನೂಕಿದ. ಇಬ್ಬರೂ ದಾಳ ಹಾಕಿದೆವು, ಅವನದ್ದು 19, ನನ್ನದು 11.

"ಎಷ್ಟು ಆಳ?" ಅಂತ ಕೇಳಿದ. ನಾನು ಬರೆದುಕೊಂಡೇ ಇರಲಿಲ್ಲ. 60 ಅಡಿ ಅಂದೆ. ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳ, ಒಟ್ಟು ಆರು. ಸರಾಸರಿ 21 ಬರಬೇಕು, ಬಂದದ್ದು 17. ಅವಳಲ್ಲಿ ಇನ್ನೂ ಜೀವ ಉಳಿದಿತ್ತು. ಕೆಳಗಿನ ಕತ್ತಲೆಯಿಂದ ಒಂದು ಬೈಗುಳ ಕೇಳಿಸಿತು ಅಂತ ಹೇಳಿ ಆ ಸಂಜೆ ಮುಗಿಸಿದೆ. ಎರಡು ವಾರದ ಮೇಲೆ ಅವಳು ಕುಂಟುತ್ತಾ ವಾಪಸ್ ಬಂದಳು.

ಗೇಮಿನಲ್ಲಿ ನೂಕುವುದು ಬೋನಸ್ ಆ್ಯಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಇನ್ನೊಂದು ಸಣ್ಣ ಕೆಲಸ. ಕತ್ತಿಯನ್ನೂ ಬೀಸಬಹುದು, ನೂಕಲೂಬಹುದು. ನೂಕುವವರ ಬಲ, ಬೀಳುವವರ ತೂಕ ನೋಡಿ ಎಷ್ಟು ದೂರ ಅನ್ನುವುದು ತೀರ್ಮಾನವಾಗುತ್ತದೆ, ಅದು 5 ಅಡಿಗೆ ನಿಲ್ಲುವುದಿಲ್ಲ. ಮೌಸ್ ಇಟ್ಟರೆ ಗೆಲ್ಲುವ ಸಾಧ್ಯತೆ ಎಷ್ಟು ಶೇಕಡಾ ಅಂತ ಮೊದಲೇ ಕಾಣುತ್ತದೆ. ಫೈಟರ್ ತನ್ನ ಮೊದಲ ಸರದಿಯಲ್ಲೇ ಹೊಡೆದ, ಆಮೇಲೆ ನೂಕಿದ. ದಳಪತಿ ಗಾಳಿಯಲ್ಲಿ ಹಾರಿ ಪ್ರಪಾತಕ್ಕೆ ಬಿದ್ದಳು. ಸತ್ತಳು. ಪ್ರಪಾತಕ್ಕೆ ಬಿದ್ದವರು ಬದುಕುವ ಮಾತೇ ಇಲ್ಲ. ಅವಳ ಮೈಮೇಲಿದ್ದ ಆಯುಧ, ಕವಚ ಎಲ್ಲವೂ ಅವಳ ಜೊತೆಗೇ ಹೋಯಿತು. ಕಳ್ಳಿ ತಲೆ ಚಚ್ಚಿಕೊಂಡಳು.

ನಿಯಮಕ್ಕೆ ನಿಯಮ ಇಟ್ಟು ನೋಡಿದರೆ ಇದು ದೊಡ್ಡ ಬದಲಾವಣೆ. ಆದರೆ ಗೇಮಿನಲ್ಲಿ ಇದು ಮಜಾ ಕೊಡುತ್ತದೆ. ಕಂಪ್ಯೂಟರ್ ಯುದ್ಧದಲ್ಲಿ 5 ಅಡಿ ಸರಿಸಲು ಇಡೀ ಸರದಿ ಕೊಡು ಅಂದರೆ ಯಾರೂ ನೂಕುವುದೇ ಇಲ್ಲ. ಮೇಜಿನಲ್ಲಿ ಆ ಮೂರು ಸುತ್ತಿನ ಒದ್ದಾಟಕ್ಕೆ ರುಚಿ ಕೊಟ್ಟದ್ದು ನಡುನಡುವೆ ನಡೆದ ಮಾತು, ಕೂಗಾಟ.

ಇಂಥ ಬದಲಾವಣೆ ಬೇರೆಯೂ ಇವೆ, ಬೇಗ ಹೇಳಿಬಿಡುತ್ತೇನೆ. ನೆಗೆಯುವುದು ಪುಸ್ತಕದಲ್ಲಿ ನಡಿಗೆಯ ಭಾಗ, ಗೇಮಿನಲ್ಲಿ ಬೋನಸ್ ಆ್ಯಕ್ಷನ್. ಸರದಿ ಯಾರದ್ದು ಮೊದಲು ಅನ್ನಲು ಪುಸ್ತಕ ಇಪ್ಪತ್ತು ಮುಖದ ದಾಳ ಕೇಳುತ್ತದೆ, ಗೇಮ್ ನಾಲ್ಕು ಮುಖದ್ದು ಹಾಕುತ್ತದೆ. ಎತ್ತರದಿಂದ ಬಾಣ ಬಿಟ್ಟರೆ ಗೇಮಿನಲ್ಲಿ 2 ಕೂಡುತ್ತದೆ. "ಬಾಗಿಲಲ್ಲಿ ಯಾರಾದರೂ ಬಂದರೆ ಬಾಣ ಬಿಡ್ತೀನಿ" ಅಂತ ಕಾದು ಕೂರುವ ರೆಡಿ ಆ್ಯಕ್ಷನ್ ಗೇಮಿನಲ್ಲಿ ಇಲ್ಲವೇ ಇಲ್ಲ. ನಮ್ಮ ಫೈಟರ್‌ಗೆ ಅದು ಬಹಳ ಕಾಡಿತು.

ಒಂದು ಬಿತ್ತು

ಬಿಡಾರ ಮುಗಿಯುವ ಹೊತ್ತಿಗೆ ಗೇಮಿನಲ್ಲಿ ಎಲ್ಲರೂ ಐದನೇ ಲೆವೆಲ್ ಮುಟ್ಟಿದ್ದರು. ಬೀಗ ತೆಗೆಯುವುದರಲ್ಲಿ ಕಳ್ಳಿಯ ಬೋನಸ್ 10. ಒಂದು ಪೆಟ್ಟಿಗೆ, ಗುರಿಸಂಖ್ಯೆ 10. ದಾಳ ಏನೇ ಬೀಳಲಿ, ತೆಗೆಯಲೇಬೇಕು, ಅಲ್ವಾ? ದಾಳ 1 ತೋರಿಸಿತು. ಪರದೆ "ಸೋಲು" ಅಂದಿತು. ಬೀಗದ ಸಲಕರಣೆಯೂ ಹೋಯಿತು.

"1 ಕೂಡಿಸು 10 ಅಂದ್ರೆ 11 ಕಣೋ!" ಅಂತ ಕೂಗಿದಳು. ಪುಸ್ತಕದ ಪ್ರಕಾರ ಅವಳದ್ದೇ ಸರಿ. 20 ಬಿದ್ದರೆ ಖಂಡಿತ ಗೆಲುವು, 1 ಬಿದ್ದರೆ ಖಂಡಿತ ಸೋಲು ಅನ್ನುವುದು ಪುಸ್ತಕದಲ್ಲಿ ಹೊಡೆತಕ್ಕೆ ಮಾತ್ರ. ಬೀಗ, ಮಾತು, ಹತ್ತುವುದು ಇವಕ್ಕೆ ಇಲ್ಲ. ಗೇಮ್ ಎಲ್ಲಕ್ಕೂ ಹಾಕಿದೆ. ಅಂದರೆ ಎಂಥ ನುರಿತ ಕಳ್ಳಿಗೂ ನೂರಕ್ಕೆ 5 ಸಲ ಸೋಲು, ಎಂಥ ಪೆದ್ದನಿಗೂ ನೂರಕ್ಕೆ 5 ಸಲ ಗೆಲುವು.

ತಮಾಷೆ ಏನೆಂದರೆ, ನಾನು ಕೂತ ಎಷ್ಟೋ ಮೇಜುಗಳಲ್ಲಿ ಜನ ಇದೇ ನಿಜವಾದ ನಿಯಮ ಅಂದುಕೊಂಡಿದ್ದಾರೆ. 20 ಬಿದ್ದಾಗ ಎಲ್ಲರೂ ಎದ್ದು ಕೂಗುತ್ತಾರೆ, ಆಗ "ಇಲ್ಲ, ಇನ್ನೂ ಎರಡು ಕಮ್ಮಿ ಆಯ್ತು" ಅನ್ನಲು ಯಾವ ಡಿಎಂಗೆ ಬಾಯಿ ಬರುತ್ತದೆ? ಔಷಧಿ ಸೀಸೆ ಕುಡಿಯುವುದೂ ಹೀಗೆಯೇ. 2014ರ ಪುಸ್ತಕದಲ್ಲಿ ಅದಕ್ಕೆ ಇಡೀ ಆ್ಯಕ್ಷನ್ ಬೇಕು. ಬಹಳ ಮೇಜುಗಳಲ್ಲಿ ಬೋನಸ್ ಆ್ಯಕ್ಷನ್ ಅಂತ ಬಿಟ್ಟುಬಿಡುತ್ತಿದ್ದರು. ಗೇಮೂ ಹಾಗೇ ಮಾಡಿತು. 2024ರಲ್ಲಿ ಪುಸ್ತಕವೇ ಹಾಗೆ ಬದಲಾಯಿತು. ಪುಸ್ತಕ ಒಂದು, ಜನ ಆಡುವ ರೀತಿ ಇನ್ನೊಂದು. ಈ ಎರಡು ಕಡೆ ಗೇಮ್ ಜನರ ಜೊತೆ ನಿಂತಿದೆ.

ಕಾರ್ಮಿಕ್ ಡೈಸ್ ಅನ್ನುವುದನ್ನು ಮಾತ್ರ ನಾವು ಆಫ್ ಮಾಡಿದೆವು. ಗೇಮಿನಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಸಾಲಾಗಿ ಸೋಲು ಬಾರದ ಹಾಗೆ ದಾಳವನ್ನು ಸ್ವಲ್ಪ ಬಾಗಿಸುತ್ತದೆ. ಕೆಲವು ಡಿಎಂಗಳು ಮರೆಯಲ್ಲಿ ದಾಳ ಹಾಕಿ ಸುಳ್ಳು ಹೇಳುವುದಿಲ್ಲವೇ, ಅದೇ ಇದು. ನಾನೂ ಹೇಳಿದ್ದೇನೆ. ಆದರೆ ಆಟಗಾರರಿಗೆ ಗೊತ್ತಾಗುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಬರೆದಿಟ್ಟುಕೊಂಡು ಅಲ್ಲ.

ಪುಸ್ತಕಕ್ಕೆ ಇನ್ನೂ ಹತ್ತಿರ ಇದ್ದವು

ಪುಸ್ತಕವನ್ನು ಅಕ್ಷರಕ್ಕೆ ಅಕ್ಷರ ತಂದ ಗೇಮ್ ಬೇಕೆಂದರೆ ಇದು ಮೊದಲ ಸ್ಥಾನದಲ್ಲಿಲ್ಲ. 2003ರಲ್ಲಿ ಟ್ರಾಯ್ಕಾ ಕಂಪನಿ ಮಾಡಿದ ದಿ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್ ಬಂತು. ಗೈಗ್ಯಾಕ್ಸ್ ಮತ್ತು ಫ್ರ್ಯಾಂಕ್ ಮೆಂಟ್ಜರ್ ಮೇಜಿನ ಆಟಕ್ಕೆಂದು ಬರೆದ 1985ರ ಸಾಹಸಕತೆಯೇ ಅದರ ಮೂಲ. ಆಗ ಹೊಸದಾಗಿದ್ದ 3.5 ಆವೃತ್ತಿಯ ಯುದ್ಧವನ್ನು ಅದು ಎಷ್ಟು ಪಕ್ಕಾ ತಂದಿತ್ತೆಂದರೆ, ಕಾದು ಕೂರುವುದು, 5 ಅಡಿ ಹಿಂದೆ ಸರಿಯುವುದು ಎಲ್ಲವೂ ಇತ್ತು. ಬಗ್‌ಗಳೂ ಧಾರಾಳವಾಗಿದ್ದವು. 2021ರ ಸೊಲಾಸ್ಟಾದಲ್ಲೂ ಐದನೇ ಆವೃತ್ತಿಯ ನಿಯಮ ಬಾಲ್ಡರ್ಸ್ ಗೇಟ್ 3ಕ್ಕಿಂತ ಬಿಗಿಯಾಗಿದೆ. ರೆಡಿ ಆ್ಯಕ್ಷನ್ ಇದೆ, ಪೆಟ್ಟು ತಪ್ಪಿಸಿಕೊಳ್ಳಲೆಂದೇ ಸರದಿ ಬಳಸುವ ಡಾಡ್ಜ್ ಇದೆ.

ಇವೆರಡನ್ನೂ ನಾನು ಇಷ್ಟಪಟ್ಟು ಆಡಿದ್ದೇನೆ. ಆದರೂ ಮೇಜಿನ ನೆನಪು ತಂದದ್ದು ಅವಲ್ಲ. ಲೆಕ್ಕ ಸರಿಯಿತ್ತು, ಮಾತು ಸಪ್ಪೆಯಾಗಿತ್ತು. ಇನ್ನೊಂದು ತುದಿಯಲ್ಲಿ 1998ರ ಮೊದಲ ಬಾಲ್ಡರ್ಸ್ ಗೇಟ್. ಅದನ್ನು ಮಾಡಿದ ಬಯೋವೇರ್‌ನವರು ಎರಡನೇ ಆವೃತ್ತಿಯ ಒಂದು ನಿಮಿಷದ ಸುತ್ತನ್ನು 6 ಸೆಕೆಂಡಿಗೆ ಇಳಿಸಿ, ಸರದಿಯನ್ನೇ ತೆಗೆದು, ಬೇಕೆಂದಾಗ ನಿಲ್ಲಿಸುವ ಗುಂಡಿ ಕೊಟ್ಟರು. ಯುದ್ಧ ಮೇಜಿನ ಹಾಗೆ ಇರಲೇ ಇಲ್ಲ. ಜೊತೆಗೆ ನಡೆಯುವವರ ತರಲೆ, ಜಗಳ ಮಾತ್ರ ಮೇಜಿನದ್ದೇ.

ಡಿಎಂ ಕುರ್ಚಿಯನ್ನೇ ಗೇಮಿನೊಳಗೆ ಹಾಕಿದ್ದು 2002ರ ನೆವರ್‌ವಿಂಟರ್ ನೈಟ್ಸ್. ಒಬ್ಬ ಮನುಷ್ಯ ಬೇರೆ ಪ್ರೋಗ್ರಾಂನಿಂದ ಒಳಗೆ ಬಂದು ರಾಕ್ಷಸರನ್ನು ಕರೆಯಬಹುದು, ಯಾವ ಪಾತ್ರದ ಬಾಯಲ್ಲಾದರೂ ಮಾತಾಡಬಹುದು. ನಗಾರಿಯವನ ಹೊಟ್ಟೆಕಿಚ್ಚು ಅಲ್ಲಿ ಸಾಧ್ಯವಿತ್ತು. ಅದನ್ನು ನಡೆಸಲು ಬೇಕಾದ ತಯಾರಿ ಎಷ್ಟು ಅಂತ ಮಾತ್ರ ಕೇಳಬೇಡಿ.

ಎಫ್8

ಬಾಗಿಲಿಗೆ ವಾಪಸ್ ಬರೋಣ. ಮೇಜಿನಲ್ಲಿ ಕಳ್ಳಿ ಸೋತಳು, ಪಂಜರ ಸೇರಿದಳು. ಅವಳು ಪಂಜರ ಸೇರಿದ್ದಕ್ಕೇ ವಿಜಾರ್ಡ್ ನಗಾರಿ ಸದ್ದು ಮಾಡಬೇಕಾಯಿತು. ಅದಕ್ಕೇ ನಗಾರಿಯವನು ಹುಟ್ಟಿದ. ಆ ಮೂರು ಸಂಜೆಗಳಲ್ಲಿ ನೆನಪಿರುವುದೆಲ್ಲ ಆ 4ರಿಂದ ಬಂದದ್ದು. ಗೇಮಿನಲ್ಲಿ ನಾನು ಒಂದು ಗುಂಡಿ ಒತ್ತಿದೆ, ಸೋಲು ಅಳಿಸಿಹೋಯಿತು. ಅದನ್ನು ಅಳಿಸಿದ್ದು ಗೇಮ್ ಅಲ್ಲ, ನಾನು. ಸೋತರೆ ಏನಾಗುತ್ತಿತ್ತು ಅಂತ ನೋಡಲು ಗೇಮ್ ತಯಾರಾಗೇ ಇತ್ತು. ಈ ಗೇಮ್ ಸೋಲಿಗೂ ಬೇಕಾದಷ್ಟು ಕತೆ ಬರೆದಿಟ್ಟಿದೆ, ನಾವೇ ಓದುವುದಿಲ್ಲ.

2023ರ ನವೆಂಬರ್ ಕೊನೆಗೆ ಬಂದ ಆನರ್ ಮೋಡ್ ಇದಕ್ಕೆ ಮದ್ದು. ಒಂದೇ ಸೇವ್. ಹಿಂದೆ ಹೋಗುವ ಹಾಗಿಲ್ಲ. ಆಮೇಲೆ ನಾವು ಅದರಲ್ಲೇ ಹೊಸದಾಗಿ ಶುರುಮಾಡಿದೆವು. ಮೊದಲ ಸಂಜೆಯೇ ಮಾತಿನ ಧಾಟಿ ಬದಲಾಯಿತು. ಬಾಗಿಲು ತೆರೆಯುವ ಮುಂಚೆ ಐದು ನಿಮಿಷ ಚರ್ಚೆ, "ನೀನು ಹೋಗು, ನಿನಗೆ ಜೀವ ಜಾಸ್ತಿ ಇದೆ" ಅನ್ನುವ ತಳ್ಳಾಟ.

ವಿಶ್ರಾಂತಿಯ ವಿಷಯದಲ್ಲಿ ಮಾತ್ರ ಯಾವ ಮೋಡ್‌ನಲ್ಲೂ ಬಿಗಿ ಬರಲಿಲ್ಲ. ಪುಸ್ತಕದಲ್ಲಿ ದೀರ್ಘ ವಿಶ್ರಾಂತಿ 24 ಗಂಟೆಗೆ ಒಂದೇ. ಗೇಮಿನಲ್ಲಿ ಮಾಮೂಲಿ ಮಟ್ಟದಲ್ಲಿ 40 ಪಾಲು ಆಹಾರ ಇದ್ದರೆ ಆಯಿತು, ಮಲಗಬಹುದು. ಆಹಾರ ಹೇರಳವಾಗಿ ಸಿಗುತ್ತದೆ. ಪ್ರತಿ ಜಗಳದ ಮೇಲೂ ಮಲಗಿ ಎದ್ದು ಎಲ್ಲ ಮಂತ್ರ ವಾಪಸ್ ಪಡೆಯುವ ವಿಜಾರ್ಡ್‌ಗೆ ಇದು ಹಬ್ಬ. ಉರಿಯುವ ಮನೆಯಲ್ಲಿ ಸಿಕ್ಕಿಕೊಂಡವರ ಥರದ ಕೆಲವು ಕಡೆ ಮಲಗಿ ಎದ್ದರೆ ಕೆಲಸ ಕೆಟ್ಟಿರುತ್ತದೆ. ಬಾಕಿ ಎಲ್ಲ ಕಡೆ ಲೋಕ ನಿಮಗಾಗಿ ಕಾಯುತ್ತದೆ. ನನ್ನ ಮೇಜಿನಲ್ಲಿ ಯಾರಾದರೂ ಶತ್ರುವಿನ ಅಂಗಳದಲ್ಲಿ ಮಲಗುತ್ತೇವೆ ಅಂದರೆ ನಾನು ಸುಮ್ಮನೆ ನಕ್ಕು ದಾಳ ಕೈಗೆತ್ತಿಕೊಳ್ಳುತ್ತೇನೆ. ಅಷ್ಟು ಸಾಕು, ಯೋಜನೆ ಬದಲಾಗುತ್ತದೆ.

ಈಗ ನಾವು ಮೇಜಿಗೆ ವಾಪಸ್ ಬಂದಿದ್ದೇವೆ. ಗೇಮಿನ ಅಭ್ಯಾಸಗಳೂ ಜೊತೆಗೆ ಬಂದಿವೆ. ಔಷಧಿ ಕುಡಿಯುವುದು ಬೋನಸ್ ಆ್ಯಕ್ಷನ್ ಅಂತ ಒಪ್ಪಿಕೊಂಡೆ. ಬೀಗಕ್ಕೆ 1 ಬಿದ್ದರೆ ಸೋಲು ಅನ್ನುವುದನ್ನು ಒಪ್ಪಲಿಲ್ಲ, ಕಳ್ಳಿ ಬಿಡಲೂ ಇಲ್ಲ. ಹೋದ ವಾರ ಒಂದು ಕೋಟೆಯ ಗೋಡೆಯ ಮೇಲೆ ಫೈಟರ್ ಒಬ್ಬ ಕಾವಲುಗಾರನ ಬೆನ್ನ ಹಿಂದೆ ಬಂದು ನಿಂತ. ನನ್ನ ಕಡೆ ತಿರುಗಿ ಕೇಳಿದ: "ನೂಕಿದ್ರೆ ಎಷ್ಟು ಪರ್ಸೆಂಟ್ ಗುರು?"

"ಅವನು ದಪ್ಪ ಇದ್ದಾನೆ," ಅಂದೆ. "ಕಾಲು ಗಟ್ಟಿಯಾಗಿ ಊರಿದ್ದಾನೆ. ಏನೋ ಹಾಡು ಗೊಣಗ್ತಿದ್ದಾನೆ."

ಅವನು ದಾಳ ಕೆಳಗಿಟ್ಟ. "ಯಾವ ಹಾಡು?" ಅಂತ ಕೇಳಿದ.